ಸಂತರ ಹಬ್ಬದ ಹಿಂದಿನ ಸಂಜೆ

ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಮ್ಮ ಧರ್ಮಕೇಂದ್ರಗಳ ಎಷ್ಟೋ ಅಜ್ಜ-ಅಜ್ಜಿಯರ ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮಗಳು ಕಳುಹಿಸಿದ್ದು. ಮೊಮ್ಮಗ ಎಲುಬಿನ ಚಿತ್ರವಿರುವ ಕಪ್ಪು ಅಂಗಿ ತೊಟ್ಟು, ಕೈಯಲ್ಲಿ ಮಿಠಾಯಿಯ ಬುಟ್ಟಿ ಹಿಡಿದು, ಕಣ್ಣು ಬಾಯಿ ಕೊರೆದ ದೊಡ್ಡ ಕುಂಬಳಕಾಯಿಯ ಪಕ್ಕದಲ್ಲಿ ನಿಂತು ನಗುತ್ತಿರುತ್ತಾನೆ. “ಇದೇನು ಫಾದರ್, ಜ್ಞಾನಸ್ನಾನ ಪಡೆದ ಮಗುವಿಗೆ ದೆವ್ವದ ವೇಷವೇ?” ಎಂದು ಅಜ್ಜಿ ಕೇಳುತ್ತಾರೆ. ಈಗ ಬೆಂಗಳೂರಿನ ಮಾಲ್‌ಗಳಲ್ಲೂ ಕೆಲವು ಶಾಲೆಗಳಲ್ಲೂ ಈ ವೇಷ ಬಂದಿರುವುದರಿಂದ ಪ್ರಶ್ನೆ ದೂರದ ದೇಶದ್ದು ಎನ್ನುವಂತಿಲ್ಲ.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಇದು ಸೈತಾನನ ಹಬ್ಬ, ಬಿಟ್ಟುಬಿಡಿ ಎನ್ನುವುದು ಒಂದು. ಮಕ್ಕಳ ಆಟ, ಬಿಡಿ ಎನ್ನುವುದು ಇನ್ನೊಂದು. ಎರಡೂ ಇತಿಹಾಸವನ್ನು ನೋಡದೆ ಕೊಟ್ಟ ಉತ್ತರಗಳು. ಈ ಸಂಜೆ ನಮ್ಮ ಧರ್ಮಸಭೆಯ ಮನೆಯಲ್ಲೇ ಹುಟ್ಟಿದ್ದು. ಅದು ಮನೆಯಂಗಳದಲ್ಲಿ, ಬೀದಿಯ ಕೊನೆಯವರೆಗೆ ನಡೆದುಹೋಗುವ ದೂರದಲ್ಲಿ, ಸತ್ತವರನ್ನು ನೆನೆಯುವ ಕುಟುಂಬದ ಆಚರಣೆಯಾಗಿ ಬೆಳೆಯಿತು. 1918ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ, ಮಹಾಮಾರಿ ಬಂದು ದೊಡ್ಡ ಸಂಭ್ರಮಗಳನ್ನೆಲ್ಲ ನಿಲ್ಲಿಸಿದಾಗ ಉಳಿದುಕೊಂಡದ್ದೂ ಆ ಸಣ್ಣ ಆಚರಣೆಯೇ.

ಮೊದಲು ಹೆಸರನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಪವಿತ್ರನಾದವನು, ಸಂತ. ‘ಈನ್’ ಎಂಬುದು ಸಂಜೆ ಎಂಬ ಪದದ ಸವೆದ ರೂಪ. ಸಕಲ ಸಂತರ ಹಬ್ಬದ ಹಿಂದಿನ ಸಂಜೆಯೇ ಹ್ಯಾಲೋವೀನ್. ಯೆಹೂದ್ಯರಂತೆ ನಾವೂ ಮಹಾಹಬ್ಬಗಳನ್ನು ಹಿಂದಿನ ದಿನದ ಸೂರ್ಯಾಸ್ತದಿಂದಲೇ ಆರಂಭಿಸುತ್ತೇವೆ. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ನಮಗೆ ಹೇಗೋ, ನವೆಂಬರ್ 1ರ ಹಿಂದಿನ ಸಂಜೆ ಹಳೆಯ ಕಾಲದ ಯೂರೋಪಿನ ಕ್ರೈಸ್ತರಿಗೆ ಹಾಗೆಯೇ ಜಾಗರಣೆಯ ಹೊತ್ತು. (ಕನ್ನಡಿಗರಾದ ನಮಗೆ 1956ರಿಂದ ಅದೇ ನವೆಂಬರ್ 1 ರಾಜ್ಯೋತ್ಸವವೂ ಹೌದು. ಬಾವುಟದ ಗಡಿಬಿಡಿಯಲ್ಲಿ ಸಂತರು ಸ್ವಲ್ಪ ಹಿಂದೆ ಸರಿಯುತ್ತಾರೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು!)

ಸಂತರೆಲ್ಲರಿಗೂ ಒಂದೇ ಹಬ್ಬ ಏಕೆ ಬೇಕಾಯಿತು? ಆದಿ ಸಭೆಯಲ್ಲಿ ಪ್ರತಿಯೊಬ್ಬ ರಕ್ತಸಾಕ್ಷಿಯ ಮರಣದ ದಿನವನ್ನು ಆತನ ಸಮಾಧಿಯ ಬಳಿಯೇ ಆಚರಿಸುತ್ತಿದ್ದರು. ರೋಮಿನ ಚಕ್ರವರ್ತಿಗಳ ಹಿಂಸೆಯಲ್ಲಿ ರಕ್ತಸಾಕ್ಷಿಗಳ ಸಂಖ್ಯೆ ವರ್ಷದ ದಿನಗಳನ್ನು ಮೀರಿತು. ಹೆಸರೇ ತಿಳಿಯದವರೂ ಅನೇಕರಿದ್ದರು. 609ರಲ್ಲಿ ಜಗದ್ಗುರು ನಾಲ್ಕನೆಯ ಬೋನಿಫಾಸರು ರೋಮಿನ ಪಾಂಥಿಯಾನ್ ಎಂಬ ಹಳೆಯ ದೇವಾಲಯವನ್ನು ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಸಮರ್ಪಿಸಿದರು. ಅದು ಮೇ 13ರಂದು ನಡೆಯಿತು. 731ರಿಂದ 741ರವರೆಗೆ ಜಗದ್ಗುರುಗಳಾಗಿದ್ದ ಮೂರನೆಯ ಗ್ರೆಗೋರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪ್ರಾರ್ಥನಾಲಯ ಕಟ್ಟಿಸಿದರು. ಮುಂದೆ 835ರ ಹೊತ್ತಿಗೆ, ನಾಲ್ಕನೆಯ ಗ್ರೆಗೋರಿಯವರ ಕಾಲದಲ್ಲಿ, ನವೆಂಬರ್ 1ರ ಹಬ್ಬ ಫ್ರಾಂಕರ ಸಾಮ್ರಾಜ್ಯದುದ್ದಕ್ಕೂ ಹರಡಿತು. ಮೃತ ವಿಶ್ವಾಸಿಗಳೆಲ್ಲರ ಸ್ಮರಣೆ ನವೆಂಬರ್ 2ಕ್ಕೆ ಬಂದದ್ದು ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ ಅವರಿಂದ, ಸುಮಾರು 998ರಲ್ಲಿ. ಹೀಗೆ ಒಂದು ಸಂಜೆ ಮತ್ತು ಎರಡು ಹಗಲುಗಳು ಒಂದೇ ದಾರದಲ್ಲಿ ಪೋಣಿಸಿಕೊಂಡವು.

ಐರ್ಲೆಂಡಿನ ‘ಸಾವಿನ್’ ಎಂಬ ಅನ್ಯಧರ್ಮೀಯ ಹಬ್ಬದ ಮೇಲೆ ಧರ್ಮಸಭೆ ತನ್ನ ಹೆಸರನ್ನು ಅಂಟಿಸಿತು ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಸಾವಿನ್ ಎಂಬ ಸುಗ್ಗಿ ಮುಗಿಯುವ ಕಾಲದ ಹಬ್ಬ ಇದ್ದದ್ದು ನಿಜ. ಅದರ ಕೆಲವು ನಂಬಿಕೆಗಳು ಹಳ್ಳಿಗಳಲ್ಲಿ ಉಳಿದಿದ್ದವು ಎಂಬುದೂ ನಿಜ. ಆದರೆ ಐರ್ಲೆಂಡಿನ ಹಳೆಯ ಸಂತರ ಪಂಚಾಂಗಗಳಲ್ಲಿ ಸಕಲ ಸಂತರ ದಿನ ಇದ್ದದ್ದು ಏಪ್ರಿಲ್ 20ರಂದು! ನವೆಂಬರ್ 1 ಅಲ್ಲಿಗೆ ಹೊರಗಿನಿಂದ ಬಂತು. ಇಷ್ಟು ನೋಡಿದರೆ ಮೇಲಿನ ಮಾತನ್ನು ಹಾಗೆಯೇ ನುಂಗುವುದು ನನಗೆ ಕಷ್ಟ.

ಇನ್ನು ಮನೆಗಳ ಒಳಗೆ ಬರೋಣ. ವಿಷಯದ ಸೊಗಸು ಇರುವುದು ಅಲ್ಲಿಯೇ. ಹಬ್ಬದ ಹಿಂದಿನ ದಿನವಾದ್ದರಿಂದ ಅಂದು ಉಪವಾಸ, ಮಾಂಸ ವರ್ಜ್ಯ. ಆದ್ದರಿಂದ ಐರ್ಲೆಂಡಿನ ಕಥೋಲಿಕ ಮನೆಗಳಲ್ಲಿ ಆ ರಾತ್ರಿಯ ಊಟವೆಂದರೆ ಆಲೂಗಡ್ಡೆಯನ್ನು ಎಲೆಕೋಸಿನೊಂದಿಗೆ ಮಸೆದು ಬೆಣ್ಣೆ ಹಾಕಿದ ಕಾಲ್‌ಕ್ಯಾನನ್, ಆಲೂಗಡ್ಡೆಯ ದೋಸೆಯಂಥ ತಿಂಡಿ, ಸೇಬು, ಬೀಜಗಳು. ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ಎಂಬ ಬ್ರೆಡ್ಡಿನೊಳಗೆ ಉಂಗುರವೊಂದನ್ನು ಅಡಗಿಸಿ ಇಡುತ್ತಿದ್ದರು. ಅದು ಸಿಕ್ಕಿದವರಿಗೆ ಮದುವೆಯ ಯೋಗ ಎಂದು ನಗೆಯಾಟ. ನೀರು ತುಂಬಿದ ತೊಟ್ಟಿಯಲ್ಲಿ ತೇಲುವ ಸೇಬನ್ನು ಕೈ ಮುಟ್ಟದೆ ಹಲ್ಲಿನಿಂದ ಕಚ್ಚಿ ತೆಗೆಯುವುದು ಮಕ್ಕಳ ಪಂದ್ಯ. ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಮೆರಿಕದ ಕುಂಬಳಕಾಯಿ ಇದರದೇ ಮೊಮ್ಮಗ.

ಇಂಗ್ಲೆಂಡಿನಲ್ಲಿ ಇನ್ನೊಂದು ಸಂಪ್ರದಾಯವಿತ್ತು. ಬಡವರೂ ಮಕ್ಕಳೂ ಗುಂಪಾಗಿ ತಮ್ಮ ಊರಿನೊಳಗೇ ಮನೆಯಿಂದ ಮನೆಗೆ ನಡೆದು ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತೇವೆಂದು ಹಾಡುತ್ತಿದ್ದರು. ಮನೆಯವರು ಪ್ರತಿಯಾಗಿ ‘ಸೋಲ್ ಕೇಕ್’ ಅಂದರೆ ಆತ್ಮಗಳ ಹೆಸರಿನ ಸಣ್ಣ ಸಿಹಿ ರೊಟ್ಟಿಯನ್ನು ಕೊಡುತ್ತಿದ್ದರು. ಒಂದು ರೊಟ್ಟಿಗೆ ಒಂದು ಪ್ರಾರ್ಥನೆ. ಕೊಡುವವನಿಗೂ ಬೇಡುವವನಿಗೂ ನಡುವೆ ಸತ್ತುಹೋದ ಒಬ್ಬ ತಂದೆಯೋ, ಒಬ್ಬ ಮಗುವೋ ನಿಂತಿರುತ್ತಿದ್ದರು. ಮೃತರಿಗಾಗಿ ಪ್ರಾರ್ಥಿಸುವುದು ಪುಣ್ಯಕಾರ್ಯವೆಂದು ಮಕ್ಕಬಿಯರ ಎರಡನೆಯ ಗ್ರಂಥದಿಂದ ಬಂದಿರುವ ನಂಬಿಕೆ ಅಲ್ಲಿ ಬಾಣಲೆಯವರೆಗೂ ಇಳಿದಿತ್ತು. ಮತಸುಧಾರಣೆಯ ನಂತರ ರಾಣಿ ಮೊದಲನೆಯ ಎಲಿಜಬೆತ್ತಳ ಆಳ್ವಿಕೆಯಲ್ಲಿ ಆ ರಾತ್ರಿ ಮೃತರಿಗಾಗಿ ಗಂಟೆ ಬಾರಿಸುವುದನ್ನು ನಿಷೇಧಿಸಲಾಯಿತು. ಗಂಟೆ ನಿಂತರೂ ರೊಟ್ಟಿ ನಿಲ್ಲಲಿಲ್ಲ. ಚೆಷೈರ್, ಶ್ರಾಪ್‌ಷೈರ್ ಸೀಮೆಗಳಲ್ಲಿ ಈ ಮನೆ ಮನೆ ತಿರುಗುವಿಕೆ 19ನೆಯ ಶತಮಾನದಲ್ಲೂ ಜೀವಂತವಾಗಿತ್ತು.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅವರೊಡನೆ ಅವರ ಜಪಸರವೂ ಅವರ ಸಂಜೆಯೂ ಅಮೆರಿಕಕ್ಕೆ ಹೋದವು. ಅಲ್ಲಿ ಕಾಲಕ್ರಮೇಣ ಪ್ರಾರ್ಥನೆ ಸೋರಿಹೋಗಿ ಕೂಟ, ಮೆರವಣಿಗೆ, ಹುಡುಗರ ಚೇಷ್ಟೆ ಉಳಿದವು. ಮನೆ ಬಾಗಿಲಿಗೆ ಬಂದು ಮಿಠಾಯಿ ಕೇಳುವ ಇಂದಿನ ರೂಢಿ ಅಲ್ಲಿ ಬೆಳೆದದ್ದು 1930ರ ದಶಕದಲ್ಲಿ. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರದಿಂದ ಸ್ವಲ್ಪ ಕುಂಟಿ, ಯುದ್ಧ ಮುಗಿದ ಮೇಲೆ ದೇಶವೆಲ್ಲ ಹಬ್ಬಿತು. ನಮ್ಮ ಕಡೆಯಿಂದಲೂ ಒಂದು ನಷ್ಟವಾಯಿತು. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರ ಕಾಲದ ಆರಾಧನಾವಿಧಿಯ ಸರಳೀಕರಣದಲ್ಲಿ ಸಕಲ ಸಂತರ ಹಬ್ಬದ ಜಾಗರಣೆ ದಿನವನ್ನು ಪಂಚಾಂಗದಿಂದ ತೆಗೆಯಲಾಯಿತು. ಕಾರಣಗಳು ಒಳ್ಳೆಯವೇ ಇದ್ದವು. ಆದರೆ ನಾವು ಖಾಲಿ ಮಾಡಿದ ಸಂಜೆಯಲ್ಲಿ ಅಂಗಡಿಯವರು ಬಂದು ಕುಳಿತರು ಎಂದರೆ ತಪ್ಪಾಗಲಾರದು.

ಈಗ 1918ಕ್ಕೆ ಬರೋಣ. ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳು. ಇನ್‌ಫ್ಲುಯೆಂಜಾ ಎಂಬ ವಿಷಮ ಶೀತಜ್ವರ ಜಗತ್ತನ್ನೇ ಸುತ್ತಿತು. ಮುಂಬಯಿ ಬಂದರಿನಿಂದ ಇಳಿದು ನಮ್ಮ ಮೈಸೂರು ಸೀಮೆಯನ್ನೂ ಬಿಡಲಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸೆಪ್ಟೆಂಬರ್ 28ರಂದು ಯುದ್ಧನಿಧಿಗಾಗಿ ದೊಡ್ಡ ಮೆರವಣಿಗೆ ನಡೆಯಿತು. ಬೇಡವೆಂದು ವೈದ್ಯರು ಎಚ್ಚರಿಸಿದ್ದರೂ ಎರಡು ಲಕ್ಷದಷ್ಟು ಜನ ಬೀದಿಯ ಇಕ್ಕೆಲಗಳಲ್ಲಿ ಒತ್ತಾಗಿ ನಿಂತು ನೋಡಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿದವು. ಅಕ್ಟೋಬರ್ 3ರಂದು ಶಾಲೆ, ದೇವಾಲಯ, ನಾಟಕಶಾಲೆಗಳನ್ನೆಲ್ಲ ಮುಚ್ಚಲು ಆಜ್ಞೆಯಾಯಿತು. ಆರು ವಾರಗಳೊಳಗೆ ಆ ಒಂದೇ ನಗರದಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಶವಪೆಟ್ಟಿಗೆ ಸಾಲದಾಯಿತು, ಗುಂಡಿ ತೋಡುವವರೂ ಸಿಗದಾದರು.

ಅಂದಿನ ಮಹಾಧರ್ಮಾಧ್ಯಕ್ಷರು ಡೆನ್ನಿಸ್ ಡೌಗರ್ಟಿ. ಆ ವರ್ಷವೇ ಆ ಪೀಠಕ್ಕೆ ಬಂದಿದ್ದವರು. ಶಾಲೆಗಳು ಮುಚ್ಚಿದ್ದರಿಂದ ಪಾಠ ಹೇಳುವ ಕನ್ಯಾಸ್ತ್ರೀಯರಿಗೆ ಮಠದಿಂದ ಹೊರಬಂದು ರೋಗಿಗಳ ಸೇವೆ ಮಾಡಲು ಅವರು ಅನುಮತಿ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಕನ್ಯಾಸ್ತ್ರೀಯರು ಬಂದರು. ಹೆಚ್ಚಿನವರಿಗೆ ದಾದಿಯ ತರಬೇತಿ ಇರಲಿಲ್ಲ. ಅನೇಕರು ಅದುವರೆಗೆ ರೋಗಿಯ ಹಾಸಿಗೆಯ ಪಕ್ಕ ಒಂದು ರಾತ್ರಿ ಕುಳಿತವರೂ ಅಲ್ಲ. ಆಸ್ಪತ್ರೆಗಳಿಗಷ್ಟೇ ಅಲ್ಲ, ವಲಸಿಗ ಕಾರ್ಮಿಕರ ಇಕ್ಕಟ್ಟಾದ ಮನೆಗಳಿಗೂ ಹೋದರು. ತಂದೆತಾಯಿ ಇಬ್ಬರೂ ಮಲಗಿರುವ ಮನೆಯಲ್ಲಿ ಗಂಜಿ ಕಾಯಿಸಿದರು, ಮಕ್ಕಳನ್ನು ತೊಳೆದರು, ಸತ್ತವರ ಕಣ್ಣು ಮುಚ್ಚಿದರು. ಅವರಲ್ಲಿ 23 ಮಂದಿ ಅದೇ ರೋಗಕ್ಕೆ ಪ್ರಾಣ ಕೊಟ್ಟರು. ಈ ಸೋದರಿಯರು ಹೇಳಿದ ಅನುಭವಗಳನ್ನು ಗುರು ಫ್ರಾನ್ಸಿಸ್ ಟೂರ್ಶರ್ ಎಂಬವರು ಸಂಗ್ರಹಿಸಿ 1919ರಲ್ಲಿ ಅಲ್ಲಿನ ಕಥೋಲಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಹಾಗಾಗಿ ನಮಗಿದು ಉಳಿದಿದೆ.

ಇನ್ನೊಂದು ಸಂಗತಿ ನನ್ನಂತೆ ಸೆಮಿನರಿಯಲ್ಲಿ ಓದಿದವರ ಮನಸ್ಸಿಗೆ ನಾಟುವಂಥದ್ದು. ಸಂತ ಚಾರ್ಲ್ಸ್ ಬೊರೋಮಿಯೋ ಸೆಮಿನರಿಯ ಗುರು ಅಭ್ಯರ್ಥಿಗಳು ಪುಸ್ತಕ ಕೆಳಗಿಟ್ಟು ಸಲಿಕೆ ಹಿಡಿದು ಹೋಲಿ ಕ್ರಾಸ್ ಸಮಾಧಿ ಸ್ಥಳಕ್ಕೆ ಹೋದರು. ಗುಂಡಿ ತೋಡಿದರು, ಹೆಣಗಳನ್ನು ಇಳಿಸಿದರು. ದೇವಾಲಯದೊಳಗೆ ಬಲಿಪೂಜೆಯಿಲ್ಲದ ದಿನಗಳಲ್ಲಿ ಆ ಹುಡುಗರು ಕಲಿತ ದೈವಶಾಸ್ತ್ರ ಅದು.

ಅಕ್ಟೋಬರ್ ಕೊನೆಯ ವಾರದಲ್ಲಿ ಫಿಲಡೆಲ್ಫಿಯಾದ ದೇವಾಲಯಗಳು ಮತ್ತೆ ತೆರೆದವು. ತೆರೆದ ಮೇಲೆ ಬಂದ ಮೊದಲ ದೊಡ್ಡ ಹಬ್ಬವೇ ಶುಕ್ರವಾರ ನವೆಂಬರ್ 1, ಸಕಲ ಸಂತರದು. ಮರುದಿನ ಮೃತರ ಸ್ಮರಣೆ. ಅದಕ್ಕೆ ಮೂರು ವರ್ಷ ಮುಂಚೆ, ಆಗಸ್ಟ್ 1915ರಲ್ಲಿ, ಯುದ್ಧದಲ್ಲಿ ಸತ್ತವರ ರಾಶಿಯನ್ನು ಕಂಡು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಪ್ರತಿಯೊಬ್ಬ ಗುರುವೂ ಅಂದು ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಸಿದ್ದರು. ಯುದ್ಧದವರಿಗಾಗಿ ಸಿಕ್ಕಿದ ವರ ಜ್ವರದವರಿಗೂ ಒದಗಿತು. ಇಂದಿಗೂ ನವೆಂಬರ್ 2ರಂದು ನಿಮ್ಮ ಧರ್ಮಕೇಂದ್ರದಲ್ಲಿ ಮೂರು ಪೂಜೆಗಳು ನಡೆದರೆ ಅದರ ಹಿಂದೆ ಇರುವುದು ಇದೇ.

ಬೇರೆ ಅನೇಕ ನಗರಗಳಲ್ಲಿ ಆ ಅಕ್ಟೋಬರ್ 31ರಂದು ನಿರ್ಬಂಧ ಇನ್ನೂ ಜಾರಿಯಲ್ಲಿತ್ತು. ಆರೋಗ್ಯಾಧಿಕಾರಿಗಳು ಹ್ಯಾಲೋವೀನ್ ಕೂಟಗಳನ್ನೂ ಮೆರವಣಿಗೆಗಳನ್ನೂ ನಿಷೇಧಿಸಿದರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಂತೂ ಬಟ್ಟೆಯ ಮುಖಗವಸು ತೊಡಬೇಕೆಂಬ ಶಾಸನವನ್ನೇ ಆ ದಿನಗಳಲ್ಲಿ ಮಾಡಿದರು. ಮುಖವಾಡದ ರಾತ್ರಿಯಲ್ಲಿ ದೊಡ್ಡವರ ಮುಖಕ್ಕೂ ಮುಖವಾಡ ಬಂತು.

ನೂರಾ ಎರಡು ವರ್ಷ ಕಳೆದು 2020 ಬಂತು. ಕೋವಿಡ್ ನಮಗೆಲ್ಲ ಗೊತ್ತಿರುವುದೇ, ವಿವರ ಬೇಡ. ಸೆಪ್ಟೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹ್ಯಾಲೋವೀನ್ ಕುರಿತೇ ಒಂದು ಸೂಚನೆ ಹೊರಡಿಸಿತು. ಬಾಗಿಲಿಂದ ಬಾಗಿಲಿಗೆ ಮಿಠಾಯಿಗಾಗಿ ಹೋಗುವುದನ್ನೂ ಒಳಾಂಗಣದ ಕೂಟಗಳನ್ನೂ ಹೆಚ್ಚು ಅಪಾಯದವು ಎಂದಿತು. ಮನೆಯವರೇ ಕುಳಿತು ಕುಂಬಳಕಾಯಿ ಕೊರೆಯುವುದು, ಮಕ್ಕಳ ಕೈಗೆ ಒಂದು ಪಟ್ಟಿ ಕೊಟ್ಟು ತಮ್ಮ ಬೀದಿಯಲ್ಲೇ ನಡೆಯುತ್ತಾ ದೂರದಿಂದ ಮನೆಗಳ ಅಲಂಕಾರ ಹುಡುಕಿಸುವುದು, ಇವು ಕಡಿಮೆ ಅಪಾಯದವು ಎಂದಿತು. ತೋಟಕ್ಕೆ ಹೋಗಿ ಸೇಬು ಕೀಳುವುದಾದರೆ ಕೈ ಶುಚಿ ಮಾಡಿಕೊಂಡು, ಅಂತರ ಇಟ್ಟುಕೊಂಡು ಹೋಗಿ ಎಂದಿತು. ಲಾಸ್ ಏಂಜಲೀಸ್ ಜಿಲ್ಲೆಯ ಅಧಿಕಾರಿಗಳು ಮೊದಲು ಮನೆ ಮನೆ ಸುತ್ತುವುದನ್ನು ನಿಷೇಧಿಸಿ, ಜನರ ಬೇಸರ ಕಂಡು ಮರುದಿನ ‘ಬೇಡವೆಂದು ಸಲಹೆ’ ಎಂದು ಮೆತ್ತಗಾದರು. ಕೆಲವು ತಂದೆಯಂದಿರು ಮೆಟ್ಟಿಲಿನ ಪಕ್ಕ ಉದ್ದನೆಯ ಪ್ಲಾಸ್ಟಿಕ್ ಪೈಪು ಕಟ್ಟಿ, ಮೇಲಿನಿಂದ ಮಿಠಾಯಿ ಜಾರಿಬಿಟ್ಟು ಕೆಳಗೆ ನಿಂತ ಮಗುವಿನ ಬುಟ್ಟಿಗೆ ಬೀಳಿಸಿದರು. ಆ ವರ್ಷ ಅಕ್ಟೋಬರ್ 31 ಶನಿವಾರ. ಆ ತಿಂಗಳ ಎರಡನೆಯ ಹುಣ್ಣಿಮೆಯೂ ಅಂದೇ. ತಿಂಗಳುಗಟ್ಟಲೆ ಮನೆಯೊಳಗಿದ್ದ ಮಕ್ಕಳು ತಂದೆತಾಯಿಯ ಕೈ ಹಿಡಿದು ಬೆಳದಿಂಗಳಲ್ಲಿ ತಮ್ಮದೇ ಬೀದಿ ಸುತ್ತಿದರು.

ಇದನ್ನು ಓದಿದಾಗ ನನಗೆ ಚೆಷೈರಿನ ರೊಟ್ಟಿ ಬೇಡುವ ಮಕ್ಕಳ ನೆನಪಾಯಿತು. ಅದೇ ನಡಿಗೆ, ಅದೇ ನೆರೆಹೊರೆ. ಇಲ್ಲದಿದ್ದದ್ದು ಮೃತರ ಹೆಸರುಗಳು ಮಾತ್ರ. ಆ ಕೊರತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಅಮೆರಿಕದಲ್ಲೇ ಆ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಕೋವಿಡ್‌ನಿಂದ ಸತ್ತಿದ್ದರು. ಪ್ಲಾಸ್ಟಿಕ್ಕಿನ ಎಲುಬುಗೂಡುಗಳನ್ನು ಅಂಗಳದಲ್ಲಿ ನೇತುಹಾಕಿದ ಬೀದಿಗಳಲ್ಲೇ ನಿಜವಾದ ಸಾವು ಕಂಡ ಮನೆಗಳೂ ಇದ್ದವು.

ಸಾವನ್ನು ಆಟಿಕೆ ಮಾಡದ ನಾಡುಗಳ ಕಥೆ ಬೇರೆ. ಪೋಲೆಂಡಿನಲ್ಲಿ ನವೆಂಬರ್ 1ರಂದು ದೇಶಕ್ಕೆ ದೇಶವೇ ಸಮಾಧಿ ಸ್ಥಳಗಳಿಗೆ ಹೊರಡುತ್ತದೆ. ಗೋರಿಗಳ ಮೇಲೆ ದೀಪ, ಕುಂಡಗಳಲ್ಲಿ ಸೇವಂತಿಗೆ. ನಮ್ಮ ಸೇವಂತಿಗೆಯೇ, ಬಣ್ಣ ಮಾತ್ರ ಬೇರೆ ಬೇರೆ. 2020ರ ಅಕ್ಟೋಬರ್ 30ರ ಶುಕ್ರವಾರ ಮಧ್ಯಾಹ್ನ ಅಲ್ಲಿನ ಪ್ರಧಾನಿ ಮಾತೆಯುಷ್ ಮೊರಾವಿಯೆತ್ಸ್ಕಿ ಮರುದಿನದಿಂದ ಮೂರು ದಿನ ಎಲ್ಲ ಸಮಾಧಿ ಸ್ಥಳಗಳನ್ನೂ ಮುಚ್ಚುವುದಾಗಿ ಘೋಷಿಸಿದರು. ಬೆಳೆಗಾರರು ಆಗಲೇ ಲಾರಿಗಳಲ್ಲಿ ಹೂ ತಂದು ಗೇಟಿನ ಮುಂದೆ ಜೋಡಿಸಿದ್ದರು. ವರ್ಷದ ದುಡಿಮೆ ಬೀದಿಯಲ್ಲಿ ಉಳಿಯಿತು. ಸಂಕಟಕ್ಕೆ ಸಿಕ್ಕಿದ ಬೆಳೆಗಾರರ ಹೂಗಳನ್ನು ಕೊಳ್ಳುವುದಾಗಿ ಆಮೇಲೆ ಸರ್ಕಾರ ಹೇಳಬೇಕಾಯಿತು. ಫಿಲಿಪ್ಪೀನ್ಸಿನಲ್ಲಿ ಅಕ್ಟೋಬರ್ 29ರಿಂದ ನವೆಂಬರ್ 4ರವರೆಗೆ ದೇಶದ ಸಮಾಧಿ ಸ್ಥಳಗಳೆಲ್ಲ ಮುಚ್ಚಿದ್ದವು. ಕುಟುಂಬ ಸಮೇತ ಊಟ ಕಟ್ಟಿಕೊಂಡು ಹೋಗಿ ಅಜ್ಜನ ಗೋರಿಯ ಪಕ್ಕ ದಿನವಿಡೀ ಕೂರುವ ಜನ, ಆ ವರ್ಷ ಮನೆಯಲ್ಲೇ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದರು.

ರೋಮ್ ನಗರ ಇದನ್ನು ಮುಂಚೆಯೇ ಊಹಿಸಿತ್ತು. ಸಾಮಾನ್ಯವಾಗಿ ನವೆಂಬರ್ 1ರಿಂದ 8ರವರೆಗೆ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ ಮತ್ತು ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆಯೊಂದಿಗೆ, ಶುದ್ಧೀಕರಣ ಸ್ಥಳದ ಆತ್ಮಕ್ಕೆ ಶಿಕ್ಷೆಯಿಂದ ಸಂಪೂರ್ಣ ಬಿಡುಗಡೆಯ ವರವನ್ನು ಅರ್ಪಿಸಬಹುದು. 2020ರ ಅಕ್ಟೋಬರ್ 22ರಂದು ಕಾರ್ಡಿನಲ್ ಮೌರೋ ಪಿಯಾಚೆನ್ಸಾ ಅವರು ಹೊರಡಿಸಿದ ಆಜ್ಞೆ ಈ ಎಂಟು ದಿನಗಳನ್ನು ಇಡೀ ನವೆಂಬರ್ ತಿಂಗಳಿಗೆ ವಿಸ್ತರಿಸಿತು, ಗುಂಪು ಸೇರದಿರಲಿ ಎಂದು. ಮನೆ ಬಿಟ್ಟು ಹೊರಬರಲಾಗದ ವೃದ್ಧರೂ ರೋಗಿಗಳೂ ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನವರ ಚಿತ್ರದ ಮುಂದೆ ಕುಳಿತು ಪ್ರಾರ್ಥಿಸಿ, ಸಾಧ್ಯವಾದಾಗ ಉಳಿದ ನಿಯಮಗಳನ್ನು ಪೂರೈಸುವ ಮನಸ್ಸಿದ್ದರೆ ಅದೇ ವರ ಅವರಿಗೂ ಲಭ್ಯ ಎಂದಿತು. ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು ನವೆಂಬರ್ 2ರ ಬಲಿಪೂಜೆಯನ್ನು ವ್ಯಾಟಿಕನ್ನಿನೊಳಗಿನ ಟ್ಯೂಟಾನಿಕ್ ಸಮಾಧಿ ಸ್ಥಳದ ಪ್ರಾರ್ಥನಾಲಯದಲ್ಲಿ ಜನರಿಲ್ಲದೆ ಅರ್ಪಿಸಿ, ಬಳಿಕ ಗೋರಿಗಳ ನಡುವೆ ನಿಂತು ಪ್ರಾರ್ಥಿಸಿದರು. ಮಂಚದ ಮೇಲಿನ ಅಜ್ಜಿಯ ಜಪಸರವನ್ನೂ ಸಮಾಧಿಯ ಬಳಿಯ ಪ್ರಾರ್ಥನೆಯನ್ನೂ ಧರ್ಮಸಭೆ ಒಂದೇ ತಕ್ಕಡಿಯಲ್ಲಿ ಇಟ್ಟ ಕಾಲವದು. ಆಜ್ಞಾಪತ್ರಗಳು ಒಣ ಭಾಷೆಯಲ್ಲಿರುತ್ತವೆ, ಆದರೆ ಇದರಷ್ಟು ತಾಯ್ತನದ ಆಜ್ಞೆಯನ್ನು ನಾನು ಹೆಚ್ಚು ಓದಿಲ್ಲ.

ನಮ್ಮಲ್ಲೂ ನವೆಂಬರ್ 2 ಎಂದರೆ ಗೋರಿಯ ಸುತ್ತಲ ಕಳೆ ಕಿತ್ತು, ಸುಣ್ಣ ಬಳಿದು, ಚೆಂಡು ಹೂ ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ, ಗುರುಗಳು ತೀರ್ಥ ಚಿಮುಕಿಸುವವರೆಗೆ ಮಕ್ಕಳನ್ನು ಹಿಡಿದುಕೊಂಡು ಕಾಯುವ ಸಂಜೆ. ಕುಟುಂಬವಿಡೀ ಹೋಗುವ, ಖರ್ಚಿಲ್ಲದ, ಹತ್ತಿರದ ಪಯಣ. ಮಕ್ಕಳು ಸಾವಿನ ಬಗ್ಗೆ ಮೊದಲ ಪ್ರಶ್ನೆ ಕೇಳುವುದು ಅಲ್ಲಿಯೇ. 2020 ಮತ್ತು 2021ರಲ್ಲಿ ಅನೇಕ ಮನೆಗಳಿಗೆ ಹೋಗಲು ಗೋರಿಯೇ ಇರಲಿಲ್ಲ. ಅಪ್ಪನನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟದ್ದೇ ಕೊನೆ. ಆಮೇಲೆ ಮುಖ ನೋಡಲಾಗಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಯುವಕರನ್ನೂ ಒಳಗೊಂಡ ಸ್ವಯಂಸೇವಕರು ಕವಚ ತೊಟ್ಟು, ಯಾರದೋ ಅಪ್ಪನನ್ನು ತಮ್ಮ ಅಪ್ಪನಂತೆ ಹೊತ್ತು ಮಣ್ಣು ಮಾಡಿದರು. ಫಿಲಡೆಲ್ಫಿಯಾದ ಗುರು ಅಭ್ಯರ್ಥಿಗಳ ಸಲಿಕೆ ಎಲ್ಲಿಗೆ ಬಂದು ತಲಪಿತು ನೋಡಿ.

ಕೆಲವರನ್ನು ದಹನ ಮಾಡಬೇಕಾಯಿತು. ಇದು ಹಲವು ಹಿರಿಯರ ಮನಸ್ಸಿನಲ್ಲಿ ಇನ್ನೂ ಮುಳ್ಳಾಗಿದೆ. ಅಮ್ಮನನ್ನು ಸುಟ್ಟುಬಿಟ್ಟೆವು, ಪುನರುತ್ಥಾನದ ದಿನ ಏನಾಗುವುದು ಎಂದು ಕೇಳುವವರಿದ್ದಾರೆ. 1963ರಿಂದಲೇ ಧರ್ಮಸಭೆ ದಹನಕ್ಕೆ ಅನುಮತಿ ಕೊಟ್ಟಿದೆ. ಬೂದಿಯಿಂದ ಎಬ್ಬಿಸಲಾರದಷ್ಟು ಬಲಹೀನರಲ್ಲ ನಮ್ಮ ದೇವರು. ಜುಲೈ 2020ರಲ್ಲಿ ಕೇರಳದ ಆಲಪ್ಪುಳ ಧರ್ಮಕ್ಷೇತ್ರದಲ್ಲಿ ಕೋವಿಡ್‌ನಿಂದ ಸತ್ತ ಇಬ್ಬರು ವಿಶ್ವಾಸಿಗಳನ್ನು ಧರ್ಮಕೇಂದ್ರದ ಸಮಾಧಿ ಸ್ಥಳದಲ್ಲೇ ದಹನ ಮಾಡಿ, ಬೂದಿಯನ್ನು ಅಲ್ಲೇ ವಿಧಿಪೂರ್ವಕ ಸಮಾಧಿ ಮಾಡಿದರು. ಅಲ್ಲಿ ನೆಲದೊಳಗೆ ನೀರು ಮೇಲೆಯೇ ಸಿಗುವುದರಿಂದ ಆಳದ ಗುಂಡಿ ತೋಡಲಾಗದು; ಅಲ್ಲಿನ ಧರ್ಮಾಧ್ಯಕ್ಷರು ಅದನ್ನು ಕಂಡು ತೀರ್ಮಾನಿಸಿದರು. ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ, ನೀರಲ್ಲಿ ಬಿಡದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರ ವ್ಯಾಟಿಕನ್ ಸೂಚನೆ ಹೇಳುತ್ತದೆ. ಹೆಸರು ಮರೆಯದಿರಲಿ, ಪ್ರಾರ್ಥಿಸಲು ಜನ ಬರುವ ಜಾಗವಿರಲಿ ಎಂಬುದು ಅದರ ಕಾರಣ.

ಇಡೀ ನವೆಂಬರಿನ ಅನುಮತಿಯನ್ನು 2021ರಲ್ಲೂ ನೀಡಲಾಯಿತು. ಈಗ ಮತ್ತೆ ಹಳೆಯ ಎಂಟು ದಿನಗಳೇ. ಅಂದಿನ ಗಡಿಬಿಡಿಯಲ್ಲಿ ಬೂದಿಯ ಮಡಕೆಯನ್ನು ಮನೆಯ ಕಪಾಟಿನಲ್ಲೇ ಇಟ್ಟು, ಕೇಳಲು ಸಂಕೋಚಪಟ್ಟುಕೊಂಡು ಉಳಿದಿರುವ ಕುಟುಂಬಗಳು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಅಕ್ಟೋಬರ್ ಮುಗಿಯುವುದರೊಳಗೆ ಕಾಣಿರಿ. ಕುಟುಂಬದ ಗೋರಿಯಲ್ಲೇ ಅದಕ್ಕೆ ಸ್ಥಳ ಮಾಡಬಹುದು, ಪೂಜೆಯೊಂದಿಗೇ ಸಮಾಧಿ ಮಾಡಬಹುದು. ಮೊಮ್ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮೃತರ ಪಟ್ಟಿಗೆ ಹೆಸರನ್ನು ಅವರ ಕೈಯಲ್ಲೇ ಬರೆಸಿರಿ.